ಮದ್ದಿನ ಬದಲು ರಾಗಿ

ನನ್ನ ಗಂಡನ ಪಿಸ್ತೂಲಿನ ತೋಟೆಗಳಿಗೆ ನಾನು ಒಂದೂವರೆ ವರ್ಷ ರಾಗಿ ತುಂಬಿಸಿದೆ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಸರಿಯಾಗಿ ಹೇಳುತ್ತೇನೆ. ಆ ಪಿಸ್ತೂಲು ಆಗ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅದು ಕೈಬಿಟ್ಟು ಹೋಗಿ ಹದಿನೈದು ವರ್ಷದ ಮೇಲಾಗಿತ್ತು. ಇದ್ದದ್ದು ಸ್ಟಾಕ್‌ಪೋರ್ಟಿನ ನಮ್ಮ ಗರಾಜು, ಅದರಲ್ಲೊಂದು ಮರದ ಬೆಂಚು, ಬೆಂಚಿಗೆ ಬೋಲ್ಟು ಬಿಗಿದು ಕೂರಿಸಿದ್ದ ಕೈಪ್ರೆಸ್ಸು, ಸೀಸದ ಗುಂಡುಗಳ ಬಿಸ್ಕತ್ತು ಡಬ್ಬ, ಮತ್ತು ಪಿಸ್ತೂಲು ಇನ್ನೂ ಇದೆ ಎಂದೇ ತಿಳಿದುಕೊಂಡಿದ್ದ ನನ್ನ ಗಂಡ.

ಅವರು ಕೊಡಗಿನವರು, ನಾನು ಮೈಸೂರಿನವಳು. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ನಾನು ಅದೇ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟು. ಮೈಸೂರಿನ ನಮ್ಮ ಮನೆಯಲ್ಲಿ ಇದ್ದ ಅತಿ ದೊಡ್ಡ ಆಯುಧ ಈಳಿಗೆಮಣೆ. ಆಯುಧಪೂಜೆಗೆ ಅದಕ್ಕೂ ಅಪ್ಪನ ಸ್ಕೂಟರಿಗೂ ಕುಂಕುಮ ಇಟ್ಟರೆ ಮುಗಿಯಿತು. ಅವರ ಮನೆಯಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ಹೂವು ಸಿಕ್ಕಿಸಿ ಕೈ ಮುಗಿಯುತ್ತಾರೆ. ನಮ್ಮ ಮದುವೆಯ ಮಾತು ಬಂದಾಗ ನಮ್ಮಮ್ಮ, 'ಸೊಪ್ಪಿನ ಹುಳಿ ತಿಂದು ಬೆಳೆದವಳನ್ನ ಕೋವಿ ಮನೆಗೆ ಕಳಿಸೋದಾ?' ಎಂದು ಎರಡು ದಿನ ಊಟ ಬಿಟ್ಟರು. ಅತ್ತೆ ಊಟವೇನೂ ಬಿಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಗುತ್ತಲೇ, 'ಮೈಸೂರು ಹುಡುಗಿ ನನ್ನ ಮಗನಿಗೆ ಮದ್ದು ಹಾಕಿದ್ದಾಳೆ' ಎಂದರು. ಗಂಡಸರನ್ನು ಬುಟ್ಟಿಗೆ ಹಾಕಿಕೊಳ್ಳಲು ಊಟದಲ್ಲಿ ಬೆರೆಸುತ್ತಾರಲ್ಲ, ಆ ಮದ್ದು. ನನಗೆ ಮದ್ದು ಎಂದರೆ ಶೀಶೆಯಲ್ಲಿ, ಮಾತ್ರೆಯಲ್ಲಿ ಇರುವಂಥದ್ದು. ಅವರ ಮಗನಿಗೆ ಅದು ಕೋವಿಗೆ ತುಂಬುವಂಥದ್ದು. ಒಂದೇ ಪದವನ್ನು ಹಿಡಿದುಕೊಂಡು ಮೂವರೂ ಬೇರೆ ಬೇರೆ ಅರ್ಥದಲ್ಲಿ ನಕ್ಕೆವು.

ಮೊದಲು ಬರ್ಮಿಂಗ್‌ಹ್ಯಾಮಿನಲ್ಲಿದ್ದೆವು, ಸೆಲ್ಲಿ ಓಕಿನ ಒಂದು ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ. ಅಲ್ಲಿ ಒಂದು ಭಾನುವಾರ ಅವರು ತಮ್ಮ ಊರಿನ ಗುಂಡಿನ ಲೆಕ್ಕ ಹೇಳಿದರು. ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು, ಒಂದರ ಹಿಂದೆ ಒಂದು. ಸುತ್ತಲಿನವರು ಎಣಿಸಿ, ಹುಟ್ಟೋ ಸಾವೋ ಎಂದು ತಿಳಿದು ಹೊರಟು ಬರುತ್ತಾರೆ.

'ಹೆಣ್ಣು ಹುಟ್ಟಿದ್ರೆ?' ಎಂದೆ.

'ಹೊಡೆಯಲ್ಲ.'

'ಓ, ಒಂದು ಗುಂಡು ಉಳೀತು ಬಿಡಿ.'

ಕೆಲವು ವರ್ಷಗಳ ಮೇಲೆ ಸ್ಟಾಕ್‌ಪೋರ್ಟಿಗೆ ಬಂದೆವು, ಅವರು ಅಲ್ಲಿನ ಶೂಟಿಂಗ್ ಕ್ಲಬ್ಬು ಸೇರಿ, ಲೈಸೆನ್ಸು ಮಾಡಿಸಿ ಆ ಪಿಸ್ತೂಲು ಕೊಂಡರು. ಮಗಳು ಹುಟ್ಟಿದ ಮಾರನೆಯ ದಿನ ಕ್ಲಬ್ಬಿಗೆ ಹೋಗಿ, ಒಂದೇ ಒಂದು ಗುಂಡು ಹೊಡೆದು, ಪಿಸ್ತೂಲು ಚೀಲಕ್ಕೆ ಹಾಕಿಕೊಂಡು ವಾರ್ಡಿಗೆ ಸುದ್ದಿ ಹೇಳಲು ಬಂದರು. 'ನಮ್ಮನೇಲಿ ಲೆಕ್ಕ ನಂದು' ಎಂದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಸಲ ಕೋಪ ಬಂದಿದೆಯೋ, ಅಷ್ಟೂ ಸಲ ಈ ಒಂದು ಗುಂಡನ್ನು ನೆನೆಸಿಕೊಂಡು ಸುಮ್ಮನಾಗಿದ್ದೇನೆ.

ಅಂಗಡಿಯ ತೋಟೆ ಅವರಿಗೆ ಆಗಿಬರುತ್ತಿರಲಿಲ್ಲ. ತಾವೇ ತುಂಬಬೇಕು. ಟೈರಿನವನ ಹತ್ತಿರ ಚಕ್ರದ ಸಮತೂಕಕ್ಕೆ ಹಾಕುವ ಹಳೆಯ ಸೀಸದ ತುಂಡುಗಳನ್ನು ಕೇಳಿ ತಂದು, ಗರಾಜಿನ ಹಿಂದೆ ಬಯಲಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡುತ್ತಿದ್ದರು. ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ಉಜ್ಜಿ ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಸೀಸದ ಗುಂಡಿಟ್ಟು ಪ್ರೆಸ್ಸಿನ ಹಿಡಿ ಎಳೆದರೆ ಒಂದು ತೋಟೆ. ಆ ಪಿಸ್ತೂಲು ಒಂದು ಗುಂಡು ಹೊಡೆದ ಬಲದಲ್ಲೇ ಖಾಲಿ ಕೊಳವೆಯನ್ನು ಆಚೆ ಎಸೆದು ಮುಂದಿನ ತೋಟೆಯನ್ನು ತಾನೇ ಎಳೆದುಕೊಳ್ಳುವ ಜಾತಿಯದು. ಮದ್ದು ಕಡಿಮೆಯಾದರೆ ಎಸೆಯಲು ಬಲ ಸಾಲದೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಕೈಗೇ ಅಪಾಯ. 'ನನ್ನ ಡ್ಯೂಟಿನೂ ಇದೇ ತಾನೆ' ಎನ್ನುತ್ತಿದ್ದರು. 'ಹೆಚ್ಚಾದ್ರೆ ಪೇಶೆಂಟ್ ಏಳಲ್ಲ, ಕಡಿಮೆಯಾದ್ರೆ ಮಧ್ಯದಲ್ಲೇ ಎದ್ದು ಕೂರ್ತಾನೆ.' ಕೊಳವೆಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಟಾರ್ಚು ಬಿಟ್ಟು ಒಂದೊಂದರ ಒಳಗೂ ಇಣುಕಿ, ಮದ್ದು ಒಂದೇ ಮಟ್ಟದಲ್ಲಿದೆಯೇ ನೋಡಿದ ಮೇಲೆಯೇ ಗುಂಡು ಕೂರಿಸುತ್ತಿದ್ದರು. ಆಮೇಲೆ ಮೊಣಕೈವರೆಗೂ ಸೋಪು ಹಾಕಿ ಕೈ ತೊಳೆದರೆ ಮಾತ್ರ ಅಡುಗೆಮನೆಗೆ ಪ್ರವೇಶ. ಸೀಸ ವಿಷ ಎಂದು ನನಗೆ ಹೇಳಿಕೊಡಬೇಕೇ?

ತೊಂಬತ್ತರ ದಶಕದ ಕೊನೆಗೆ ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧವಾಯಿತು. ಕಾನೂನು ಬರಲು ಕಾರಣವಾದ, ಶಾಲೆಯೊಂದರಲ್ಲಿ ಒಬ್ಬ ಪಿಸ್ತೂಲಿನಿಂದ ಪುಟ್ಟ ಮಕ್ಕಳನ್ನು ಕೊಂದ ಘಟನೆಯನ್ನು ಟೀವಿಯಲ್ಲಿ ನೋಡಿ ಅವರೂ ಅತ್ತಿದ್ದರು, ಆದ್ದರಿಂದ ಎದುರು ಮಾತಾಡಲಿಲ್ಲ. ಪಿಸ್ತೂಲನ್ನು ಎಣ್ಣೆ ಹಚ್ಚಿ ಒರೆಸಿ, ಟವೆಲ್ಲಿನಲ್ಲಿ ಸುತ್ತಿ, ಪೊಲೀಸ್ ಸ್ಟೇಶನ್ನಿನ ಕ್ಯೂನಲ್ಲಿ ನಿಂತು ಒಪ್ಪಿಸಿ ಬಂದರು. ಬಂದವರು ಟವೆಲ್ಲನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ನಾನು ಬುದ್ಧಿಯಿಲ್ಲದೆ ಅದನ್ನು ವಾಶಿಂಗ್ ಮೆಶೀನಿಗೆ ಹಾಕಿದೆ. ಇಟ್ಟುಕೊಳ್ಳಬೇಕಿತ್ತು.

ಆಮೇಲೆ ಅದೇ ಅಳತೆಯ ತೋಟೆ ಹಾರಿಸುವ, ಲೀವರ್ ಎಳೆದು ಹೊಡೆಯುವ ಸಣ್ಣ ಕೋವಿಯೊಂದನ್ನು ಕೊಂಡರು. ಅದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಬೆಂಚು ಅದೇ, ಪ್ರೆಸ್ಸು ಅದೇ, ಸೀಸವೂ ಅದೇ. ಕ್ಲಬ್ಬಿನಲ್ಲಿ ಅವರ ಪಕ್ಕದ ಜಾಗ ಒಬ್ಬ ಟೂಲ್‌ಮೇಕರ್ ಮುದುಕನದು. ಮ್ಯಾಂಚೆಸ್ಟರಿನ ಕಾರ್ಖಾನೆಯೊಂದರಲ್ಲಿ ಅಚ್ಚುಗಳನ್ನು ಕೊರೆದು ನಿವೃತ್ತನಾದವನು. ನನ್ನನ್ನು 'ಲವ್' ಎಂದು ಕರೆಯುವವನು. ಇಲ್ಲಿ ಬಸ್ಸಿನವನೂ ಹಾಗೆಯೇ ಕರೆಯುತ್ತಾನೆ ಬಿಡಿ, ಕರೆಯದಿದ್ದವರು ನಮ್ಮನೆಯವರು ಒಬ್ಬರೇ.

ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಒಂದು ಭಾನುವಾರ ಟೂಲ್‌ಮೇಕರ್ ತನ್ನ ಕಾರಿನಲ್ಲಿ ಅವರನ್ನು ಮನೆಗೆ ಕರೆತಂದ. ನಮ್ಮವರು ಸೀದಾ ಒಳಗೆ ಹೋಗಿ ಟೀವಿ ಮುಂದೆ ಕೂತರು. ಟೂಲ್‌ಮೇಕರ್ ಬಾಗಿಲಲ್ಲೇ ನಿಂತು, ಟೋಪಿ ಕೈಯಲ್ಲಿ ತಿರುವುತ್ತಾ ಹೇಳಿದ. ಕ್ಲಬ್ಬಿನವರು ಗುಂಡು ಹೊಡೆಯುವ ರೇಂಜಿನಲ್ಲಿ ಇವರು ಟ್ರಿಗರ್ ಎಳೆದಾಗ ಢಂ ಎನ್ನುವ ಬದಲು ಟಪ್ ಎಂದಿತಂತೆ. ತೋಟೆಯಲ್ಲಿ ಮದ್ದೇ ಇರಲಿಲ್ಲ. ಬರೀ ಕೇಪಿನ ಬಲಕ್ಕೆ ಸೀಸದ ಗುಂಡು ಹೊರಟು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳಿಹೋಗುತ್ತಿತ್ತು. ಇವರು ಇನ್ನೊಂದಕ್ಕೆ ಲೀವರ್ ಎಳೆದೂ ಆಗಿತ್ತು. ಅವನು 'ಸ್ಟಾಪ್!' ಎಂದು ಕಿರುಚಿ ಕೈ ಹಿಡಿದುಕೊಂಡನಂತೆ.

'ಯಾರಿಗಾದರೂ ಆಗುತ್ತದೆ' ಎಂದೆ.

'ಯಾರಿಗಾದರೂ ಆಗುತ್ತದೆ, ಲವ್' ಎಂದ. 'ಅವರಿಗೆ ಆಗುವುದಿಲ್ಲ.'

ಅವನು ಹೇಳಿದ್ದು ನಿಜ. ಅಡುಗೆಮನೆಯಲ್ಲಿ ಎರಡು ಸಲ ಗ್ಯಾಸ್ ಆರಿಸಲು ಮರೆತದ್ದನ್ನು, ಮಗಳ ಫ್ಲಾಟಿಗೆ ಹೋಗುವ ದಾರಿ ತಪ್ಪಿದ್ದನ್ನು ನಾನು ವಯಸ್ಸಿನ ತಲೆಗೆ ಕಟ್ಟಿ ಕೂತಿದ್ದೆ. ಮದ್ದು ಮರೆತದ್ದನ್ನು ಹಾಗೆ ಕಟ್ಟಲು ಆಗಲಿಲ್ಲ. ನಮ್ಮ ಜಿಪಿ ಡಾಕ್ಟರ ಹತ್ತಿರ ಹೋದೆವು, ಅಲ್ಲಿಂದ ಮೆಮೊರಿ ಕ್ಲಿನಿಕ್ಕಿಗೆ. ಮಗಳಿಗೆ ಸೀಸದ ಮೇಲೆ ಅನುಮಾನ. ರಕ್ತ ಪರೀಕ್ಷೆಯಲ್ಲಿ ಸೀಸ ಹೆಚ್ಚಿಲ್ಲ ಎಂದು ಬಂತು. ಇದು ಬರೀ ಮರೆವಿನ ಕಾಯಿಲೆ, ಯಾರ ತಪ್ಪೂ ಅಲ್ಲ ಎಂದರು. ಯಾರದ್ದಾದರೂ ತಪ್ಪು ಎಂದಿದ್ದರೆ ನನಗೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು.

ಪೊಲೀಸಿನವರು ಬಂದು ಕೋವಿ, ತೋಟೆ, ಮದ್ದು, ಕೇಪು, ಲೈಸೆನ್ಸಿನ ಸರ್ಟಿಫಿಕೇಟು ಎಲ್ಲವನ್ನೂ ಮರ್ಯಾದೆಯಿಂದಲೇ ತೆಗೆದುಕೊಂಡು ಹೋದರು. ಪ್ರೆಸ್ಸು, ಖಾಲಿ ಕೊಳವೆ, ಸೀಸ ಇವಕ್ಕೆ ಪರವಾನಗಿ ಬೇಡವಂತೆ, ಬಿಟ್ಟು ಹೋದರು. ಬಿಟ್ಟದ್ದೇ ತೊಂದರೆಯಾಯಿತು. ಕೋವಿ ಹೋದದ್ದನ್ನು ನಮ್ಮವರು ವಾರದೊಳಗೆ ಮರೆತರು. ಆಮೇಲೆ ಕೋವಿಯನ್ನೇ ಮರೆತರು. ನೆನಪು ಹಿಂದಕ್ಕೆ ಹಿಂದಕ್ಕೆ ಸರಿದು ಪಿಸ್ತೂಲಿನ ಕಾಲದಲ್ಲಿ ಹೋಗಿ ನಿಂತಿತು. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಗರಾಜಿಗೆ ಹೋಗುವುದು, ಕಪಾಟು ತೆರೆಯುವುದು, 'ಪಿಸ್ತೂಲೆಲ್ಲಿ?' ಎಂದು ಕೂಗುವುದು.

ಮೊದಲನೆಯ ಸಲ ನಿಜ ಹೇಳಿದೆ. ಅವರು ಬೆಂಚಿನ ಮೇಲೆ ಕೈಯಿಟ್ಟು, ಆಗಷ್ಟೇ ಮೊದಲ ಸಲ ಕೇಳಿದವರ ಹಾಗೆ ಕುಸಿದರು. ಎರಡನೆಯ ಶನಿವಾರವೂ ನಿಜ ಹೇಳಿದೆ. ಮತ್ತೆ ಅದೇ. ಪ್ರತಿ ವಾರ ಒಬ್ಬ ಮನುಷ್ಯನಿಂದ ಅದೇ ವಸ್ತುವನ್ನು ಕಿತ್ತುಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಮೂರನೆಯ ವಾರ, 'ರಿಪೇರಿಗೆ ಕೊಟ್ಟಿದ್ದೀರಲ್ರೀ' ಎಂದೆ. 'ಹೌದಾ? ಸರಿ, ಬರೋ ಹೊತ್ತಿಗೆ ಒಂದೈವತ್ತು ತೋಟೆ ತುಂಬಿಡೋಣ' ಎಂದರು. ಮದ್ದಿನ ಡಬ್ಬ ಹುಡುಕತೊಡಗಿದರು. ಡಬ್ಬ ಖಾಲಿ. ಬೆಂಚಿನ ಕೆಳಗೆ, ಹುಲ್ಲು ಕತ್ತರಿಸುವ ಮೆಶೀನಿನ ಹಿಂದೆ ಹುಡುಕಿ ಹುಡುಕಿ ಬೆವೆತು, 'ಯಾರು ತೆಗೆದ್ರು ನನ್ನ ಮದ್ದು?' ಎಂದು ನನ್ನನ್ನೇ ಕಳ್ಳಿಯ ಹಾಗೆ ನೋಡಿದರು.

ಅಡುಗೆಮನೆಗೆ ಬಂದು ಕಪಾಟು ತೆರೆದು ನಿಂತೆ. ಸಾಸಿವೆ ದಪ್ಪ, ರವೆ ಬಿಳಿ. ಕರಿ ಎಳ್ಳು ಬಣ್ಣಕ್ಕೆ ಸರಿಯಿತ್ತು, ಆದರೆ ಎಳ್ಳನ್ನು ಅವರ ಕೈಗೆ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಹಿಂದಿನ ವಾರವಷ್ಟೇ ಇಂಡಿಯನ್ ಅಂಗಡಿಯಿಂದ ತಂದಿದ್ದ ಮೊಳಕೆ ಕಟ್ಟುವ ಇಡೀ ರಾಗಿ ಕಣ್ಣಿಗೆ ಬಿತ್ತು. ಉರುಟಾದ ಸಣ್ಣ ಕಾಳು, ಮದ್ದು ಅಳೆದು ಸುರಿಯುವ ಯಂತ್ರದಲ್ಲಿ ಸರಾಗವಾಗಿ ಇಳಿಯುತ್ತದೆ. ಮದ್ದಿನ ಡಬ್ಬಕ್ಕೆ ಸುರಿದು ಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಮೂವತ್ತು ವರ್ಷ ನನ್ನ ಕೈಯಿಂದ ಒಂದು ತಪ್ಪು ಮದ್ದು ಹೊರಗೆ ಹೋಗಿರಲಿಲ್ಲ, ಮೊದಲನೆಯದು ಹೋದದ್ದು ಗಂಡನಿಗೆ.

'ಬೇರೆ ಬ್ರ್ಯಾಂಡಾ?' ಎಂದರು.

'ಹೊಸದು' ಎಂದೆ.

ಹೀಗೆ ಶುರುವಾಯಿತು. ಟೂಲ್‌ಮೇಕರಿಗೆ ಫೋನು ಮಾಡಿ ಹೇಳಿದರೆ ಅವನು ನಗಲಿಲ್ಲ. ಸುಟ್ಟುಹೋದ ಸತ್ತ ಕೇಪುಗಳನ್ನು ತಟ್ಟಿ ನುಣುಪು ಮಾಡಿ ಒಂದು ಡಬ್ಬದ ತುಂಬ ತಂದುಕೊಟ್ಟ. ವಾರವಾರವೂ ಅವರು ಐವತ್ತು ತೋಟೆ ತುಂಬುವರು. ಅವರು ಮಲಗಿದ ಮಧ್ಯಾಹ್ನ ನಾನು ಒಂದು ಸುತ್ತಿಗೆಯಂಥ ಸಲಕರಣೆಯಲ್ಲಿ ತೋಟೆಗಳನ್ನು ಸಿಕ್ಕಿಸಿ, ಕುಟ್ಟಿ, ಗುಂಡು ಒಂದು ಕಡೆ, ರಾಗಿ ಒಂದು ಕಡೆ ಬಿಡಿಸಿಡುವೆ. ಮುಂದಿನ ಶನಿವಾರಕ್ಕೆ ಅದೇ ಕೊಳವೆ, ಅದೇ ಸೀಸ, ಅದೇ ರಾಗಿ. ಆ ರಾಗಿಯನ್ನು ಮತ್ತೆ ಅಡುಗೆಗೆ ಬಳಸುವ ಹಾಗಿಲ್ಲ, ಸೀಸ ತಾಗಿರುತ್ತದೆ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಟಾರ್ಚು ಹಿಡಿಯುತ್ತಿದ್ದೆ. 'ಮಟ್ಟ ಸರಿ ಇದೆಯಾ?' ಎನ್ನುವರು. 'ಇದೆ.' 'ಅದೊಂದು?' 'ಅದರಲ್ಲಿ ಹಾಕೇ ಇಲ್ಲ.' 'ಥತ್!' ಎಂದು ಸರಿಮಾಡುವರು. ನಡುಗುವ ಆ ಕೈ ಪ್ರೆಸ್ಸಿನ ಹಿಡಿಯನ್ನು ಹಿಡಿದಾಗ ಮಾತ್ರ ನಡುಗುತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷ ನಾನು ಆ ಗರಾಜಿಗೆ ಕಾಲಿಟ್ಟವಳಲ್ಲ. ಆ ಒಂದೂವರೆ ವರ್ಷ ನಾವು ಕೂತು ಮಾತಾಡಿದಷ್ಟು ಅದಕ್ಕೆ ಮುಂಚೆ ಮಾತಾಡಿರಲಿಲ್ಲ.

ಟೀವಿ ಕಂಪನಿಗಳಿರುವ ಮೀಡಿಯಾಸಿಟಿಯಲ್ಲಿ ಕೆಲಸ ಮಾಡುವ ಮಗಳು ಒಂದು ಶನಿವಾರ ಬಂದವಳು ಗರಾಜಿನ ಬಾಗಿಲಲ್ಲಿ ನಿಂತು ನೋಡಿದಳು. ನಾವಿಬ್ಬರೇ ಅಡುಗೆಮನೆಗೆ ಬಂದ ಮೇಲೆ, 'ಅಮ್ಮಾ, ಯೂ ಆರ್ ಲೈಯಿಂಗ್ ಟು ಹಿಮ್. ಎವ್ರಿ ವೀಕ್' ಎಂದಳು.

'ನಿಜ ಹೇಳಿದೀನಿ, ಎರಡು ಸಲ. ನೀನೊಂದು ಸಲ ಹೇಳಿ ನೋಡು' ಎಂದೆ.

ಅವಳು ಹೇಳಲಿಲ್ಲ. ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ನನಗೂ ಒಳಗೊಳಗೇ ಅವಳದೇ ಮಾತು ಕೊರೆಯುತ್ತಿತ್ತು.

ಅದಾದ ಮೇಲೆ ಒಂದು ಶನಿವಾರ ಅವರು ನನ್ನ ಡ್ರೆಸಿಂಗ್ ಟೇಬಲ್ಲಿನಿಂದ ಕೆಂಪು ನೇಲ್ ಪಾಲಿಶ್ ಎತ್ತಿಕೊಂಡು ಗರಾಜಿಗೆ ಬಂದರು. ಎರಡು ಕೊಳವೆಗಳ ಬುಡಕ್ಕೆ ಕೆಂಪು ಬಳಿದು ಹಲಗೆಯ ಮೇಲೆ ಬೇರೆಯಾಗಿ ನಿಲ್ಲಿಸಿದರು.

'ಇವು ನನಗೆ' ಎಂದರು. 'ನಾನು ಹೋದಾಗ ಹೊಡೆಸಬೇಕು. ಎರಡು. ಮೈಸೂರಿನವಳು ಅಂತ ಒಂದೇ ಹೊಡೆಸಿ ಉಳಿಸಿಬಿಡಬೇಡ, ಇನ್ನೊಂದು ಸಲ ಹುಟ್ಟಿದೆ ಅಂದ್ಕೊಂಡಾರು.'

'ಹೊಡೆಸ್ತೀನಿ' ಎಂದೆ.

'ನನ್ನ ಕೈಯಾರೆ ತುಂಬಿದ್ದೇ ಆಗಬೇಕು. ಆಣೆ?'

'ಆಣೆ' ಎಂದೆ. ಎಂದವಳಿಗೆ ಅಲ್ಲಿ ಕೂರಲಾಗಲಿಲ್ಲ. ಕೆಟಲ್ ಇಟ್ಟು ಬರುತ್ತೇನೆಂದು ಟಾರ್ಚು ಬೆಂಚಿನ ಮೇಲಿಟ್ಟು ಎದ್ದು ಬಂದು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಾವಿನ ಸುದ್ದಿ ಹೇಳಬೇಕಾದ ಗುಂಡುಗಳಿಗೆ ನಾನು ರಾಗಿ ಕೊಟ್ಟಿದ್ದೆ. ಅವು ಯಾವ ಕಾಲಕ್ಕೂ ಸದ್ದು ಮಾಡುವಂಥವಲ್ಲ. ಅವರು ಬದುಕಿರುವಾಗ ಹೇಳಿದ ಸುಳ್ಳಿಗೆ ಕ್ಷಮೆ ಇರಬಹುದು, ಸತ್ತ ಮೇಲೂ ಮುಂದುವರಿಯುವ ಸುಳ್ಳಿಗೆ? ವಾಪಸು ಹೋಗುವಷ್ಟರಲ್ಲಿ ಎರಡೂ ತೋಟೆ ತಯಾರಾಗಿ ಅವರ ಸ್ವೆಟರಿನ ಜೇಬಿನಲ್ಲಿದ್ದವು. ಆ ಎರಡನ್ನು ನಾನು ಬಿಡಿಸಲಿಲ್ಲ. ಒಂದು ಹಾರ್ಲಿಕ್ಸ್ ಶೀಶೆಯಲ್ಲಿ ಹಾಕಿಟ್ಟೆ.

ನಿಜ ಹೇಳಿಬಿಡಬೇಕೆಂದು ಪ್ರತಿ ಶನಿವಾರ ಸ್ಟೂಲಿನ ಮೇಲೆ ಕೂರುವುದು, ಅವರ ಮುಖ ನೋಡಿ ನುಂಗಿಕೊಳ್ಳುವುದು, ಹೀಗೇ ಎರಡು ತಿಂಗಳು ಕಳೆಯಿತು. ಆಮೇಲೊಂದು ಬೆಳಿಗ್ಗೆ ಅವರು ಅಳತೆ ಯಂತ್ರದ ಹಿಡಿ ತಿರುಗಿಸುತ್ತಿದ್ದವರು ನಿಲ್ಲಿಸಿ, ಅಂಗೈಗೆ ಒಂದಿಷ್ಟು ಸುರಿದುಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು.

'ರಾಗಿ ಹುರಿದು ಹಾಕು ಮಾರಾಯ್ತಿ' ಎಂದರು. 'ಹುಳ ಬಿದ್ದಿದೆ.'

ನಾನು ಟಾರ್ಚು ಆರಿಸಿದೆ. 'ಯಾವಾಗಿಂದ ಗೊತ್ತು ನಿಮಗೆ?'

'ಗೊತ್ತಿರೋ ದಿನ ಗೊತ್ತಿರತ್ತೆ. ಗೊತ್ತಿಲ್ಲದ ದಿನ ಇದು ಮದ್ದೇ.'

'ಮತ್ತೆ ಯಾಕೆ ಸುಮ್ಮನಿದ್ರಿ?'

'ನೀನು ಅಷ್ಟು ಚೆನ್ನಾಗಿ ಪಕ್ಕ ಕೂತ್ಕೊಂಡು ಟಾರ್ಚ್ ಹಿಡೀತಿದ್ದೆ' ಎಂದರು. 'ನಮ್ಮವ್ವ ಹೇಳಿದ್ದು ಸುಳ್ಳಲ್ಲ ನೋಡು, ಮದ್ದು ಹಾಕಿದೀಯ.' ಅಂಗೈಯ ರಾಗಿಯನ್ನು ಡಬ್ಬಕ್ಕೆ ಸುರಿದು, 'ಆ ಕೆಂಪಿನವು ಎರಡಕ್ಕೆ ಮಾತ್ರ ಅವನ ಹತ್ರ ನಿಜವಾದ ಮದ್ದು ಹಾಕಿಸು' ಎಂದರು. ಅವನು ಎಂದರೆ ಟೂಲ್‌ಮೇಕರ್. ಮಧ್ಯಾಹ್ನದ ಊಟಕ್ಕೆ ಕರೆದಾಗ, ಪಿಸ್ತೂಲು ರಿಪೇರಿಯಾಗಿ ಬಂತಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಆ ಸಂಜೆ ಎರಡು ಕಿಲೋ ಹೊಸ ರಾಗಿ ತಂದು ಹುರಿದೆ. ಮನೆಯೆಲ್ಲ ಹುರಿದ ರಾಗಿಯ ಘಮ, ನಾನು ಬಾಣಲೆಯ ಮುಂದೆ ನಿಂತು ಹುಚ್ಚಿಯ ಹಾಗೆ ಅಳುತ್ತಿದ್ದೆ. ಅಂಥ ಇನ್ನೊಂದು ಗೊತ್ತಿರುವ ದಿನ ಮತ್ತೆ ಬರಲಿಲ್ಲ.

ಚಳಿಗಾಲ ಕಳೆದು ಡ್ಯಾಫೊಡಿಲ್ ಹೂ ಬಿಡುವ ಹೊತ್ತಿಗೆ ನ್ಯುಮೋನಿಯಾ ಆಗಿ, ಅವರು ಕೆಲಸ ಮಾಡಿದ್ದ ಆಸ್ಪತ್ರೆಯಲ್ಲೇ, ಒಂದು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಮಗಳೂ ನಾನೂ ಎರಡು ಕೈ ಹಿಡಿದುಕೊಂಡಿದ್ದೆವು. ಅಂದೇ ಗುಂಡು ಹೊಡೆಯಬೇಕಿತ್ತು. ಆದರೆ ರೇಂಜು ತೆರೆಯುವುದು ಭಾನುವಾರ. ಈ ದೇಶದಲ್ಲಿ ಸಾವಿನ ಸುದ್ದಿಯೂ ಪಾಳಿಯ ಪಟ್ಟಿ ನೋಡಿಕೊಂಡೇ ಹೊರಡಬೇಕು.

ಭಾನುವಾರ ಹಾರ್ಲಿಕ್ಸ್ ಶೀಶೆ ಹಿಡಿದುಕೊಂಡು ಮಗಳೊಂದಿಗೆ ಟೂಲ್‌ಮೇಕರನ ಮನೆಗೆ ಹೋದೆ. ಅವನು ಷೆಡ್ಡಿನಲ್ಲಿ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿದ್ದ. ಮೊದಲನೆಯ ತೋಟೆಯನ್ನು ಸುತ್ತಿಗೆಗೆ ಸಿಕ್ಕಿಸಿ ಕುಟ್ಟಿದ. ಗುಂಡು ಬಿತ್ತು, ಹಿಂದೆಯೇ ರಾಗಿ ಉದುರಿತು. ಅದನ್ನು ಬಟ್ಟೆಯ ಮೂಲೆಗೆ ಸರಿಸಿದ. ಎರಡನೆಯದನ್ನು ಕುಟ್ಟಿದ. ಗುಂಡು ಬಿತ್ತು. ಅಷ್ಟೇ. ಅವನು ಕೊಳವೆಯನ್ನು ಬೋರಲು ಮಾಡಿ ತಟ್ಟಿದ, ಬೆಳಕಿಗೆ ಹಿಡಿದು ಒಳಗೆ ಇಣುಕಿದ, ನನ್ನ ಕಡೆ ತಿರುಗದೆ ಅದನ್ನು ಬಟ್ಟೆಯ ಮೇಲಿಟ್ಟ.

ಅದರಲ್ಲಿ ಒಂದು ಕಾಳೂ ಇರಲಿಲ್ಲ. ನಾನು ಟಾರ್ಚು ಬಿಟ್ಟು ಎದ್ದು ಹೋಗಿದ್ದ ಆ ಐದು ನಿಮಿಷದಲ್ಲಿ ಅವರು ಎರಡನೆಯದಕ್ಕೆ ಹಾಕುವುದನ್ನೇ ಮರೆತಿದ್ದರು. ರೇಂಜಿನಲ್ಲಿ ಆಗಿದ್ದ ತಪ್ಪೇ ಮತ್ತೆ. 'ಎರಡು' ಎಂದು ನನ್ನಿಂದ ಆಣೆ ತೆಗೆದುಕೊಂಡು ತಮ್ಮ ಸಾವಿಗೆ ತುಂಬಿಟ್ಟದ್ದು ಒಂದನ್ನೇ. ನಾನು ಅಡುಗೆಮನೆಗೆ ಓಡದೆ ಅಲ್ಲೇ ಕೂತು ಅತ್ತಿದ್ದರೆ, 'ಅದರಲ್ಲಿ ಹಾಕೇ ಇಲ್ಲರೀ' ಎಂದು ಹೇಳುತ್ತಿದ್ದೆ.

ಟೂಲ್‌ಮೇಕರ್ ಅದೇ ಕೆಂಪು ಬುಡದ ಕೊಳವೆಗಳಿಗೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿದ. ಗುಂಡು ಕೂರಿಸುವ ಮುಂಚೆ ಪ್ರೆಸ್ಸಿನಿಂದ ಕೈ ತೆಗೆದು ಟಾರ್ಚನ್ನು ನನಗೆ ಕೊಟ್ಟ. ಒಂದರೊಳಗೆ ಇಣುಕಿದೆ, ಇನ್ನೊಂದರೊಳಗೆ ಇಣುಕಿದೆ. 'ಮಟ್ಟ ಸರಿ ಇದೆ' ಎಂದು ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಯಿತು. ಅವರು ಎರಕ ಹೊಯ್ದ ಸೀಸದ ಗುಂಡುಗಳನ್ನೇ ಮತ್ತೆ ಮೇಲಿಟ್ಟು ಹಿಡಿ ಎಳೆದ.

ರೇಂಜು ಊರಾಚೆ ಗುಡ್ಡದ ಬುಡದಲ್ಲಿದೆ. ಗಾಳಿ ಜೋರಿತ್ತು. ಕ್ಲಬ್ಬಿನವರು ಏಳೆಂಟು ಜನ ಟೋಪಿ ತೆಗೆದು ನಿಂತರು. ಟೂಲ್‌ಮೇಕರ್ ಅದೇ ಅಳತೆಯ ತನ್ನ ಕೋವಿಯನ್ನು ಭುಜಕ್ಕೆ ಏರಿಸಿದ. ಕಿವಿಗೆ ಹಾಕಿಕೊಳ್ಳಲು ಕೊಟ್ಟದ್ದನ್ನು ಮಗಳು ಹಾಕಿಕೊಂಡಳು, ನಾನು ಕೈಯಲ್ಲೇ ಹಿಡಿದುಕೊಂಡೆ. ಮೊದಲನೆಯದು ಸಿಡಿದು ಗುಡ್ಡದಿಂದ ಸದ್ದು ಮರಳಿತು. ಅವನು ಲೀವರ್ ಎಳೆದ. ಆ ಒಂದು ಗಳಿಗೆಯಲ್ಲಿ, ನಮ್ಮ ಮಗಳು ಹುಟ್ಟಿದ್ದಾಳೆ ಎಂಬ ಸುದ್ದಿಯೊಂದೇ ಆ ಬಯಲಿನಲ್ಲಿತ್ತು. ಇಲ್ಲಿಗೇ ನಿಂತುಬಿಡಲಿ ದೇವರೇ ಎಂದುಕೊಂಡೆ.

ಎರಡನೆಯದೂ ಹಾರಿತು.